ಮೈಕಿನವನ ಎಡಗಿವಿ

ದೇವರ ಹತ್ತಿರ ವಿಜೇತನಷ್ಟು ಹೊತ್ತು ಕಳೆದವರು ಕಾಸರಗೋಡು ಜಿಲ್ಲೆಯಲ್ಲಿ ಕಡಿಮೆ. ಭಜನೆಯಿರಲಿ, ಬ್ರಹ್ಮಕಲಶವಿರಲಿ, ಉರೂಸಿರಲಿ, ಇಗರ್ಜಿಯ ಹಬ್ಬವಿರಲಿ, ಅವನು ಮುನ್ನಾದಿನವೇ ಹೋಗಿ ಬಿಡಾರ ಹೂಡುತ್ತಿದ್ದ. ಎಲ್ಲರೂ ಕೈಮುಗಿದು ಮನೆಗೆ ಹೋದ ಮೇಲೆ ಕೊನೆಗೆ ಹೊರಡುವವನೂ ಅವನೇ. ಹಾಜರಿ ತೆಗೆದರೆ ಕೆಲವು ಕಡೆ ಪೂಜೆಯವರಿಗಿಂತ ಅವನದೇ ಹೆಚ್ಚಾದೀತು. ಆದರೆ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅವನು ದೇವರ ಕಡೆ ಮುಖ ಮಾಡಿ ಕೂತವನಲ್ಲ. ಮೈಕಿನವನ ಜಾಗ ಯಾವಾಗಲೂ ಕಂಬದ ಮರೆಯಲ್ಲಿ. ಅವನ ಮುಖ ಸದ್ದು ಹೊಂದಿಸುವ ಮಿಕ್ಸರಿನ ಕಡೆಗೆ, ಬೆನ್ನು ಗರ್ಭಗುಡಿಯ ಕಡೆಗೆ.

ನಾಯ್ಮಾರ್ಮೂಲೆಯ ಪೇಟೆಯಲ್ಲಿ ಮಮ್ಮಾಲಿ ಎಂಬವರ ಮೈಕ್ ಸೆಟ್ಟಿನ ಅಂಗಡಿ ಇತ್ತು. ಊರಿಗೆಲ್ಲ ಅವರು ಮಮ್ಮಾಲಿಚ್ಚ. ವಿಜೇತ್ ಬಿ.ಕಾಂ. ಮುಗಿಸಿ, ಪಿ.ಎಸ್.ಸಿ. ಪರೀಕ್ಷೆಗೆ ಓದುತ್ತಿದ್ದೇನೆ ಎಂದು ಮನೆಯಲ್ಲಿ ಹೇಳಿಕೊಂಡು, ರಜೆಯಲ್ಲಿ ಕೈಖರ್ಚಿಗೆ ಎಂದು ಆ ಅಂಗಡಿ ಸೇರಿದ್ದ. ರಜೆ ಮುಗಿಯಲೇ ಇಲ್ಲ. ಮದುವೆ ಮನೆಗಳಲ್ಲಿ ಯಾರಾದರೂ ಹಿರಿಯರು "ಈಗ ಎಂತ ಮಾಡಿಕೊಂಡಿದ್ದಿ?" ಎಂದು ಕೇಳಿದರೆ ಅವನು ಗಂಭೀರವಾಗಿ "ದೇವರ ವಾರ್ತಾ ಇಲಾಖೆಯಲ್ಲಿ" ಎನ್ನುತ್ತಿದ್ದ. ಸುಳ್ಳಲ್ಲ. ಎಲ್ಲ ಕಮಿಟಿಗಳವರ ಬೇಡಿಕೆಯೂ ಒಂದೇ: ದೇವರಿಗೆ ಕೇಳದಿದ್ದರೂ ಅಡ್ಡಿಯಿಲ್ಲ, ಪಕ್ಕದ ವಾರ್ಡಿಗೆ ಕೇಳಬೇಕು.

ಅವನ ಕಿವಿ ಕೆಟ್ಟದ್ದು ಒಂದು ಮದುವೆ ಹಾಲಿನಲ್ಲಿ. ಒಂದು ಸ್ಪೀಕರ್ ಬಾಕ್ಸಿನಿಂದ ಸದ್ದೇ ಬರುತ್ತಿಲ್ಲವೆಂದು ಅವನು ಅದರ ಹಿಂದಿನ ವಯರನ್ನು ಅಲುಗಾಡಿಸುತ್ತಾ, ಬರುತ್ತದೋ ನೋಡೋಣ ಎಂದು ಎಡಗಿವಿಯನ್ನು ಜಾಲರಿಗೇ ಒತ್ತಿ ಹಿಡಿದಿದ್ದ. ಬಂತು. ಮೈಕೂ ಬಾಕ್ಸೂ ಒಂದನ್ನೊಂದು ಕೇಳಿಸಿಕೊಂಡಾಗ ಏಳುವ ಆ ಕೂಗು ಒಮ್ಮೆಲೇ ಸೂಜಿಯ ಹಾಗೆ ಒಳಗೆ ಹೋಯಿತು. ಬೇರೆಯವರ ತಪ್ಪಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಮಿಕ್ಸರಿನಲ್ಲಿ ವಾಲ್ಯೂಮನ್ನು ಪೂರ್ತಿ ಮೇಲೆ ಬಿಟ್ಟು ಬಂದವನು ಅವನೇ.

ಕೂಗು ಅರೆಗಳಿಗೆಯಲ್ಲಿ ನಿಂತಿತು, ಹಾಲಿನಲ್ಲಿ. ಅವನ ಕಿವಿಯೊಳಗೆ ನಿಲ್ಲಲಿಲ್ಲ.

ಮೊದಲು ಅದು ತನ್ನೊಳಗಿನ ಸದ್ದು ಎಂದೇ ಅವನಿಗೆ ಹೊಳೆಯಲಿಲ್ಲ. ಮನೆಯ ಟ್ಯೂಬ್‌ಲೈಟು ಕೆಟ್ಟಿದೆ ಎಂದು ಅದನ್ನು ಬದಲಿಸಿದ. ಫ್ರಿಜ್ಜಿನ ಪ್ಲಗ್ಗು ಕಿತ್ತು ನೋಡಿದ. ನೆರೆಮನೆಯ ಪಂಪು ಆಫ್ ಮಾಡಲು ಮರೆತಿದ್ದಾರೆ ಎಂದು ಹೋಗಿ ಹೇಳಿ, ಅವರು "ನಮ್ಮ ಪಂಪು ಕೆಟ್ಟು ವಾರ ಆಯ್ತು ಮಾರಾಯ" ಎಂದಾಗ ನಕ್ಕು ವಾಪಸಾದ. ಊರಿನ ಎಲ್ಲ ಸದ್ದುಗಳ ಸ್ವಿಚ್ಚು ಹುಡುಕಬಲ್ಲವನಿಗೆ ಈ ಒಂದರ ಸ್ವಿಚ್ಚು ಸಿಗಲಿಲ್ಲ. ಸಣ್ಣಗೆ, ಎತ್ತರದಲ್ಲಿ, ಹಗಲಿರುಳು ಬಿಡುವಿಲ್ಲದೆ ಒಂದು ಚೀತ್ಕಾರ. ಹಗಲು ಬೇರೆ ಸದ್ದುಗಳ ನಡುವೆ ಅದು ಸ್ವಲ್ಪ ಅಡಗುತ್ತಿತ್ತು. ಮಲಗಿದಾಗ ದಿಂಬಿನಿಂದಲೇ ಎದ್ದು ಬರುತ್ತಿತ್ತು.

ಮಂಗಳೂರಿಗೆ ಬಸ್ಸು ಹಿಡಿದು ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿದ. ಅವರು ಹೆಡ್‌ಫೋನು ಹಾಕಿ ಪರೀಕ್ಷೆ ಮಾಡಿಸಿದರು. "ಒಳಗಿನ ನರಕ್ಕೆ ಪೆಟ್ಟಾಗಿದೆ. ಪೂರ್ತಿ ಗುಣ ಆಗುವ ಮದ್ದು ಇಲ್ಲ. ನಿಧಾನಕ್ಕೆ ಅಭ್ಯಾಸ ಆಗ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಜೋರು ಶಬ್ದ ಇರುವ ಕಡೆ ಮಾತ್ರ ಹೋಗಬೇಡಿ. ಕೆಲಸ ಎಂತ?"

"ಮೈಕ್ ಸೆಟ್ಟು."

ಡಾಕ್ಟರು ಪೆನ್ನನ್ನು ಕೆಳಗಿಟ್ಟರು.

ಮಮ್ಮಾಲಿಚ್ಚನಿಗೆ ಅವನು ಹೇಳಲಿಲ್ಲ. ಕಿವಿ ಕೆಟ್ಟ ಮೈಕಿನವನು ಯಾರಿಗೆ ಬೇಕು? ಮನೆಯಲ್ಲಿ ಅಮ್ಮನಿಗೆ ಹೇಳಿದ, ಅಷ್ಟೇ. ಅಮ್ಮ ಅಲ್ಲಿಂದ ಮುಂದಿನ ಉಸ್ತುವಾರಿ ವಹಿಸಿಕೊಂಡರು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು, ನಾಗನಿಗೆ ತಂಬಿಲದ ಪೂಜೆ ಕೊಟ್ಟರು, ಕಿವಿಗೆ ಎಣ್ಣೆ ಬಿಟ್ಟರು, ಎಲ್ಲಾ ದೇವರ ಗಂಧವನ್ನೂ ಕಿವಿಯ ಹಿಂದೆ ಹಚ್ಚಿದರು. ಹೇಗೋ ಸುದ್ದಿ ತಿಳಿದ ಪಕ್ಕದ ಮನೆಯ ಮುಹ್ಸಿನಾತ್ತ ಒಂದು ಬಾಟ್ಲಿಯಲ್ಲಿ ಮಸೀದಿಯ ಉಸ್ತಾದರು ಓದಿ ಊದಿಕೊಟ್ಟ ನೀರು ತಂದಿಟ್ಟರು. ವಿಜೇತ್ ಅದನ್ನೂ ಕುಡಿದ. ಜಿಲ್ಲೆಯ ಎಲ್ಲ ದೇವರುಗಳ ಧ್ವನಿಯನ್ನೂ ತಾನು ಇಷ್ಟು ವರ್ಷ ಎತ್ತಿ ಹಿಡಿದಿದ್ದೇನೆ, ಒಬ್ಬರಾದರೂ ತನ್ನೊಳಗಿನದನ್ನು ತಗ್ಗಿಸಿಕೊಡಬಾರದೇ ಎಂಬುದು ಅವನ ವಾದ. ಒಬ್ಬರೂ ಬಗ್ಗಲಿಲ್ಲ.

ಹಾಗಾಗಿ ಸದ್ದನ್ನು ಸದ್ದಿನಿಂದಲೇ ಮುಚ್ಚಲು ಹೊರಟ. ಮಲಗುವಾಗ ಫ್ಯಾನು ಜೋರಾಗಿ ಹಾಕಿದ. ಮೊಬೈಲಿನಲ್ಲಿ ಮಳೆಯ ಸದ್ದಿನ ಆ್ಯಪ್ ಇಳಿಸಿಕೊಂಡ. ಎಪ್ರಿಲಿನ ಸೆಕೆಯಲ್ಲಿ ಬೆವರಿಳಿಯುತ್ತಿರುವಾಗ ತಲೆದಿಂಬಿನ ಅಡಿಯಲ್ಲಿ ಮುಂಗಾರು ಸುರಿಯುತ್ತಿತ್ತು. ಕೆಲಸ ಮುಗಿದು ಆಂಪ್ಲಿಫೈಯರ್ ಆಫ್ ಮಾಡುವ ಹೊತ್ತು ಅವನಿಗೆ ಹೆದರಿಕೆಯ ಹೊತ್ತಾಯಿತು. ಬಾಕ್ಸುಗಳು ಸುಮ್ಮನಾದ ತಕ್ಷಣ ಇಡೀ ಮೈದಾನದ ಸದ್ದು ಒಟ್ಟಾಗಿ ಬಂದು ಎಡಗಿವಿಯೊಳಗೆ ನಿಂತ ಹಾಗಾಗುತ್ತಿತ್ತು. ಅದಕ್ಕೇ ಅವನು ಮೊದಲು ಜೇಬಿನ ಮೊಬೈಲಿನಲ್ಲಿ ಮಳೆ ಹಾಕಿ, ಕಿವಿಗೆ ಇಯರ್‌ಫೋನು ಸಿಕ್ಕಿಸಿ, ಆಮೇಲೆ ಸ್ವಿಚ್ಚಿಗೆ ಕೈಹಾಕುತ್ತಿದ್ದ.

ಮೊಗ್ರಾಲಿನಲ್ಲಿ ಅವನ ಮನೆಯಿಂದ ಪಶ್ಚಿಮಕ್ಕೆ ಇಳಿದರೆ ರೈಲುಹಳಿ. ಸಂಜೆ ಅಲ್ಲಿಗೆ ಹೋಗಿ ನಿಲ್ಲುವುದು ರೂಢಿಯಾಯಿತು. ಗಾಡಿ ಹಾದುಹೋಗುವಷ್ಟು ಹೊತ್ತು ಕಿವಿಯೊಳಗಿನದು ಪೂರ್ತಿ ಮುಳುಗಿಹೋಗುತ್ತಿತ್ತು. ದಿನದಲ್ಲಿ ಅಷ್ಟು ಹೊತ್ತಾದರೂ ಬಿಡುಗಡೆ. ಮೊದಮೊದಲು ದೂರದ ಗೇರುಮರದ ಬುಡದಲ್ಲಿ ನಿಲ್ಲುತ್ತಿದ್ದ. ಹತ್ತಿರ ಹೋದಷ್ಟು ಒಳ್ಳೆಯದು ಎಂದು ಕಂಡುಬಂತು.

ಒಂದು ಸಂಜೆ ಹಳಿ ಪರೀಕ್ಷೆ ಮಾಡುತ್ತಾ ಬಂದ ರೈಲ್ವೆಯ ಕೆಲಸಗಾರ ದೂರದಿಂದಲೇ ಕೂಗಿದ. "ಏಯ್! ಎಂತ ಅಲ್ಲಿ? ಈಚೆ ಬಾ!"

ವಿಜೇತ್ ತಿರುಗಿ ನೋಡಿದ. ಕಾಲ ಕೆಳಗೆ ಜಲ್ಲಿಕಲ್ಲು ಇತ್ತು. ತಾನು ಯಾವಾಗ ಇಷ್ಟು ಹತ್ತಿರ ಬಂದೆ ಎಂದು ಅವನಿಗೆ ನೆನಪಾಗಲಿಲ್ಲ. ಕೆಲಸಗಾರ ಓಡಿಬಂದು ತೋಳು ಹಿಡಿದು ಎಳೆದ. ಗಾಡಿ ಅವರಿಬ್ಬರ ಅಂಗಿಯನ್ನು ಬಡಿಯುತ್ತಾ ಹಾದುಹೋಯಿತು.

"ಮನೆಯಲ್ಲಿ ಜಗಳವಾ?"

"ಅಲ್ಲಣ್ಣ. ಸದ್ದು ಕೇಳಲಿಕ್ಕೆ ಬಂದದ್ದು."

ಕೆಲಸಗಾರ ವಿಜೇತನ ತೋಳು ಬಿಟ್ಟು ಊರಿನ ದಾರಿಯ ಕಡೆ ಕೈ ತೋರಿಸಿದ. "ಸದ್ದು ಕೇಳುವವರು ಸ್ಟೇಷನ್ನಿಗೆ ಹೋಗ್ತಾರೆ. ಹೋಗು ಮನೆಗೆ. ನಾನು ಇಲ್ಲೇ ನಿಂತು ನೋಡ್ತೇನೆ, ಹೋಗು."

ಅವನು ಮನೆಗೆ ಬಂದು ಜಗಲಿಯಲ್ಲಿ ಕೂತ. ತಾನು ಸಾಯಲಿಕ್ಕೆ ಹೋದದ್ದಲ್ಲ, ಅದು ಅವನಿಗೆ ಖಾತ್ರಿ ಇತ್ತು. ಆದರೆ ಆ ಸದ್ದಿನೊಳಗೆ ಇನ್ನೂ ಒಂದು ಹೆಜ್ಜೆ ಹೋಗಬೇಕು ಅನಿಸಿದ್ದೂ ಹೌದು. ಜೀವಮಾನವಿಡೀ ಈ ಕೂಗಿನೊಟ್ಟಿಗೆ ಇರಬೇಕೆಂದಾದರೆ, ಆ ಒಂದು ಹೆಜ್ಜೆ ಯಾವ ದಿನ ತನಗೆ ಗೊತ್ತಾಗದೆ ಇಟ್ಟುಬಿಡುತ್ತೇನೋ. ಅಮ್ಮನಿಗೆ ಅವನು ಅದನ್ನು ಹೇಳಲಿಲ್ಲ. ಅಮ್ಮ ಚಹಾ ತಂದಿಟ್ಟು, ಅವನ ಮುಖ ನೋಡಿ, ಬೇರೆ ಮಾತಾಡಿದರು.

"ಗುಡ್ಡೆಯ ಮಂದಿರದಲ್ಲಿ ಅರ್ಧ ಏಕಾಹ ಉಂಟಲ್ಲ. ನೀನು ಭಜನೆಗೆ ಕೂತುಕೊಳ್ತಿ ಅಂತ ಹರಕೆ ಹೇಳಿದ್ದೇನೆ."

"ಅಮ್ಮ, ಇಡೀ ದಿನ ನಾನು ಅಲ್ಲೇ ಇರುದು. ಸೆಟ್ಟು ನಮ್ಮದೇ."

"ಸೆಟ್ಟಿನ ಹತ್ತಿರ ಅಲ್ಲ. ದೀಪದ ಹತ್ತಿರ."

"ನನ್ನ ಸ್ವರಕ್ಕೆ ದೇವರು ಎದ್ದು ಹೋದರೆ?"

"ಹೋಗುದಾದರೆ ಹೋಗಲಿ. ನೀನು ಕೂತುಕೋ."

ಅರ್ಧ ಏಕಾಹವೆಂದರೆ ಸೂರ್ಯ ಹುಟ್ಟುವಾಗ ದೀಪ ಹಚ್ಚಿ ಸುರುಮಾಡಿದ ಭಜನೆಯನ್ನು ಸೂರ್ಯ ಮುಳುಗುವವರೆಗೆ ಕಡಿಯದೆ ನಡೆಸುವುದು. ಸುತ್ತಲಿನ ಊರುಗಳ ತಂಡಗಳು ಸರದಿಯಲ್ಲಿ ಬರುತ್ತವೆ. ಒಂದು ತಂಡ ಏಳುವ ಮೊದಲು ಇನ್ನೊಂದು ತಂಡ ಹಿಂದೆ ಬಂದು ನಿಂತು, ಅವರು ಹೇಳುತ್ತಿರುವ ನಾಮವನ್ನೇ ಬಾಯಿಗೆ ತೆಗೆದುಕೊಳ್ಳಬೇಕು. ನಡುವೆ ಮೌನ ಬರಬಾರದು. ಬಂದರೆ ಇಡೀ ದಿನದ್ದು ಕೆಟ್ಟಿತು ಎಂದು ಲೆಕ್ಕ.

ಇಲ್ಲಿ ವಿಜೇತನ ಒಂದು ಕೈಚಳಕವಿತ್ತು. ತಂಡ ಬದಲಾಗುವಾಗ ಮೈಕು ಆಚೀಚೆ ಆಗಿ, ತಾಳ ಕೈಯಿಂದ ಕೈಗೆ ಹೋಗಿ, ಒಂದು ಉಸಿರಿನಷ್ಟು ಖಾಲಿ ಬೀಳುವುದುಂಟು. ಆಗ ಅವನು ಪೆನ್‌ಡ್ರೈವಿನಲ್ಲಿ ಮೊದಲೇ ಹಿಡಿದಿಟ್ಟ ನಾಮವನ್ನು ಮೆಲ್ಲನೆ ಬಿಟ್ಟು, ತಂಡ ಹತ್ತಿದ ಕೂಡಲೇ ಮೆಲ್ಲನೆ ತೆಗೆಯುತ್ತಿದ್ದ. ಹೊರಗಿನವರಿಗೆ ಸಂಧಿಯೇ ತಿಳಿಯುತ್ತಿರಲಿಲ್ಲ. ಮಂದಿರದ ಕಾರ್ಯದರ್ಶಿ ಗೌರೀಶಂಕರ ಮಾಷ್ಟ್ರಿಗೆ ಇದು ಗೊತ್ತಿತ್ತು. ಅವರು ಶಾಲೆಯಲ್ಲಿ ಗಣಿತ ಹೇಳುವವರು. ಉತ್ತರ ಸರಿ ಬಂದರೆ ಸಾಕು ಎಂದು ಸುಮ್ಮನಿದ್ದರು.

ಏಕಾಹದ ದಿನ ಬೆಳಿಗ್ಗೆ ಅವನು ಕೇಬಲು ಎಳೆಯುತ್ತಿರುವಾಗ ದೀಪಕ್ಕೆ ಬತ್ತಿ ಹಾಕುತ್ತಿದ್ದವರು ಜಲಜಕ್ಕ. ಗುಡ್ಡೆಯ ಕೆಳಗಿನ ಮನೆಯವರು, ಬೀಡಿ ಕಟ್ಟಿ ಕಟ್ಟಿ ಬೆನ್ನು ಬಾಗಿದ ಮುದುಕಿ. ಉಬ್ಬಸ ಜೋರು. ಸೆರಗಿನ ಗಂಟಿನಲ್ಲಿ ಬಾಯಿಗೆ ಹೊಡೆದುಕೊಳ್ಳುವ ಪಂಪು ಯಾವಾಗಲೂ ಇರುತ್ತಿತ್ತು. ಆದರೂ ಯಾವ ಶನಿವಾರದ ಭಜನೆಯನ್ನೂ ಅವರು ತಪ್ಪಿಸಿದ್ದಿಲ್ಲ.

"ನಿನ್ನ ಅಮ್ಮ ಹೇಳಿದರು ಕಿವಿಯ ವಿಷಯ," ಎಂದರು.

ಅಮ್ಮನಿಗೆ ಹೇಳಿದರೆ ಮೈಕಿನಲ್ಲಿ ಹೇಳಿದ ಹಾಗೆಯೇ. ವಿಜೇತ್ ವಯರು ಸುತ್ತುತ್ತಾ, "ನೀವು ದೇವರ ಹತ್ತಿರದವರಲ್ಲವಾ ಜಲಜಕ್ಕ, ಒಂದು ಶಿಫಾರಸು ಹಾಕಿ," ಎಂದ.

"ಯಾರು, ನಾನಾ? ನನ್ನ ದಮ್ಮು ಒಂದು ಕಡಿಮೆ ಮಾಡು ಅಂತ ಮದುವೆಯಾಗಿ ಬಂದ ಲಾಗಾಯ್ತು ಕೇಳ್ತಾ ಇದ್ದೇನೆ. ಮಾಡಿದನಾ? ಇಲ್ಲ."

"ಮತ್ತೆ ಎಂತಕ್ಕೆ ಬರುದು?"

ಜಲಜಕ್ಕ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲವೆಂಬಂತೆ ಅವನನ್ನು ನೋಡಿದರು. "ಬಾರದೆ ಇದ್ದರೆ ದಮ್ಮು ಹೋಗ್ತದಾ? ಇಲ್ಲಿ ಬಂದರೆ ದಮ್ಮು ಇರ್ತದೆ, ಅವನೂ ಇರ್ತಾನೆ. ಮನೆಯಲ್ಲಾದರೆ ದಮ್ಮು ಒಂದೇ."

ವಿಜೇತ್ ನಕ್ಕ. ನಕ್ಕದ್ದು ಬಾಯಿಯಷ್ಟೇ. ಇಂಥ ಮಾತು ಕೇಳಿದಾಗೆಲ್ಲ ಅವನಿಗೆ ರೇಗುತ್ತಿತ್ತು. ಗುಣವಾಗದವರೆಲ್ಲ ಹೀಗೇ ಹೇಳಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಫೇಲಾದವರು ಅನುಭವ ಮುಖ್ಯ ಅನ್ನುವ ಹಾಗೆ. ತಾನೂ ಹಾಗೆ ಅನ್ನುತ್ತಿದ್ದವನೇ.

ಮಧ್ಯಾಹ್ನದವರೆಗೆ ಎಲ್ಲವೂ ಸರಿಯಾಗಿ ನಡೆಯಿತು. ಹರಕೆಯ ನೆನಪು ಬಂದಾಗೆಲ್ಲ, ಮುಂದಿನ ತಂಡದೊಟ್ಟಿಗೆ ಕೂರುವ ಎಂದು ಅವನು ದೂಡುತ್ತಾ ಬಂದ. ತಾಳದ ಒಂದೊಂದು ಪೆಟ್ಟಿಗೂ ಎಡಗಿವಿಯಲ್ಲಿ ಮುಳ್ಳಾಡಿಸಿದಂತಾಗುತ್ತಿತ್ತು. ದೀಪದ ಹತ್ತಿರ, ಆ ಎಲ್ಲ ತಾಳಗಳ ನಡುವೆ ಕೂರುವುದನ್ನು ನೆನೆದರೇ ಬೆವರು ಬರುತ್ತಿತ್ತು.

ಊಟದ ಹೊತ್ತಿಗೆ ಮಂದಿರ ಖಾಲಿಯಾಯಿತು. ಅನ್ನಸಂತರ್ಪಣೆಯ ಚಪ್ಪರ ಗುಡ್ಡೆಯ ಕೆಳಗೆ. ಏಕಾಹದಲ್ಲಿ ಊಟದ ನಂತರದ ಸರದಿಯನ್ನು ಯಾರೂ ಆಸೆಪಟ್ಟು ಕೇಳಿ ಪಡೆಯುವುದಿಲ್ಲ. ಹಾಡುತ್ತಿದ್ದ ತಂಡಕ್ಕೆ ಇನ್ನೊಂದು ಮಂದಿರದಲ್ಲಿ ಸರದಿ ಇತ್ತು, ಅವರು ಗಡಿಯಾರ ನೋಡುತ್ತಿದ್ದರು. ಮುಂದಿನ ತಂಡ ಬಂದಿರಲಿಲ್ಲ. ಮಾಷ್ಟ್ರು ಕಿವಿಗೆ ಮೊಬೈಲು ಒತ್ತಿಕೊಂಡೇ ಕಂಬದ ಹತ್ತಿರ ಬಂದರು.

"ಅವರ ಜೀಪು ಹೈವೇ ಕೆಲಸದ ಬ್ಲಾಕಿನಲ್ಲಿ ಸಿಕ್ಕಿಬಿದ್ದಿದೆಯಂತೆ ಮಾರಾಯ. ನಾನು ಸ್ಕೂಟರಿನಲ್ಲಿ ಹೋಗಿ ಒಳದಾರಿಯಿಂದ ಇಬ್ಬರನ್ನಾದರೂ ಕರಕೊಂಡು ಬರ್ತೇನೆ. ಜಲಜಕ್ಕ ನಾಮ ಹಿಡೀತಾರೆ. ಅವರಿಗೆ ಆಗದಿದ್ದರೆ ನಿನ್ನದು ಉಂಟಲ್ಲ, ಅದು."

"ಪೆನ್‌ಡ್ರೈವಾ?"

"ಹೆಸರು ಹೇಳಬೇಡ, ಹಾಕು."

ತಂಡ ಎದ್ದಿತು. ಜಲಜಕ್ಕ ದೀಪದ ಎದುರು ಕೂತು, ತಾಳ ಹಿಡಿದು, "ಗೋವಿಂದಾ" ಎಂದು ಅವರ ಬಾಯಿಂದ ನಾಮವನ್ನು ಎತ್ತಿಕೊಂಡರು. ಮಾಷ್ಟ್ರ ಸ್ಕೂಟರು ಇಳಿಜಾರಿನಲ್ಲಿ ಮರೆಯಾಯಿತು. ವಿಜೇತ್ ಜಲಜಕ್ಕನ ಮೈಕಿನ ಜೊತೆಗೆ ಪೆನ್‌ಡ್ರೈವನ್ನೂ ಸ್ವಲ್ಪ ಏರಿಸಿಟ್ಟ. ಈಗ ಉಸಿರು ಹೋದರೂ ತೊಂದರೆಯಿಲ್ಲ ಎಂದುಕೊಂಡು ಬೆನ್ನನ್ನು ಕಂಬಕ್ಕೆ ಆನಿಸಿದ.

ಆಗ ಕರೆಂಟು ಹೋಯಿತು.

ಫ್ಯಾನು ನಿಂತಿತು. ಮಿಕ್ಸರಿನ ದೀಪಗಳು ಕಣ್ಣು ಮುಚ್ಚಿದವು. ಹೊರಗೆ ಕಟ್ಟಿದ ಹಾರ್ನು ಸ್ಪೀಕರು, ಒಳಗಿನ ಬಾಕ್ಸು, ಪೆನ್‌ಡ್ರೈವಿನ ಭಕ್ತರು, ಎಲ್ಲರೂ ಒಟ್ಟಿಗೆ ಬಾಯಿಮುಚ್ಚಿದರು. ಜನರೇಟರು ತೆಗೆದುಕೊಂಡು ಹೋಗು ಎಂದು ಮಮ್ಮಾಲಿಚ್ಚ ಎರಡು ಸಲ ಹೇಳಿದ್ದರು. ಹಗಲು ಕಾರ್ಯಕ್ರಮ ಅಲ್ಲವಾ, ಯಾರು ಹೊರುವುದು ಎಂದು ಬಿಟ್ಟು ಬಂದವನೂ ಇವನೇ.

ಉಳಿದದ್ದು ಜಲಜಕ್ಕನ ಬರಿಯ ಸ್ವರ, ಇವನ ಕಿವಿಯ ಕೂಗು, ಎರಡೇ. ಇಷ್ಟು ದಿನ ಅವನು ಯಾವ ಮೌನಕ್ಕೆ ಹೆದರಿದ್ದನೋ ಅದು ಹಗಲುಹೊತ್ತಿನಲ್ಲೇ, ದೇವರ ಎದುರಲ್ಲೇ ಬಂದು ನಿಂತಿತ್ತು. ಕೈ ತಾನಾಗಿ ಜೇಬಿನ ಮೊಬೈಲಿಗೆ ಹೋಯಿತು. ಮಳೆ ಹಾಕಿ ಹೊರಗೆ ಓಡಿಬಿಡಬೇಕು ಅನಿಸಿತು.

ಜಲಜಕ್ಕನ "ಗೋವಿಂದಾ" ಮಧ್ಯದಲ್ಲಿ ಸೀಳಿತು. ಭಜನೆಯಲ್ಲಿ ಒಬ್ಬರು ಹೇಳಿದ್ದನ್ನು ಉಳಿದವರು ತಿರುಗಿ ಹೇಳುತ್ತಾರೆ, ಆ ಹೊತ್ತಿನಲ್ಲಿ ಮೊದಲಿನವರು ಉಸಿರು ತೆಗೆದುಕೊಳ್ಳುತ್ತಾರೆ. ಇಲ್ಲಿ ತಿರುಗಿ ಹೇಳುವವರು ಯಾರೂ ಇರಲಿಲ್ಲ. ಅವರ ಎದೆ ಸಿಳ್ಳು ಹಾಕುವುದು ಕಂಬದವರೆಗೂ ಕೇಳುತ್ತಿತ್ತು. ಚಪ್ಪರಕ್ಕೆ ಓಡಿ ಹೋಗಿ ಯಾರನ್ನಾದರೂ ಎಬ್ಬಿಸಿ ತರಬಹುದು, ಆದರೆ ಅಷ್ಟರಲ್ಲಿ ಇದು ಕಡಿಯುತ್ತದೆ. ಅವನು ಅತ್ತ ಒಂದು ಹೆಜ್ಜೆ ಇಟ್ಟದ್ದೂ ಹೌದು. ಜಲಜಕ್ಕ ನಾಮ ಬಿಡದೆ, ಕಣ್ಣಲ್ಲೇ ಅವನನ್ನು ತಡೆದರು. ಒಂದು ಕೈಯಿಂದ ಸೆರಗಿನ ಗಂಟು ಹುಡುಕುತ್ತಾ, ಇನ್ನೊಂದು ಕೈಯಿಂದ ತಾಳವನ್ನು ಅವನ ಕಡೆ ಚಾಚಿದರು.

ಅವನು ಹೋಗಿ ಕೂತ. ಹರಕೆ ತೀರಿಸಲು ಅಂತ ಅಲ್ಲ. ಮುದುಕಿ ಬಿದ್ದುಬಿಟ್ಟಾಳೆಂಬ ಹೆದರಿಕೆಯಿಂದ.

ಮೊದಲ ಪೆಟ್ಟಿಗೆ ತಾಳದ ನಾದ ಕಿವಿಯಿಂದ ಹಲ್ಲಿನವರೆಗೆ ಇಳಿಯಿತು. "ಗೋವಿಂದಾ" ಎಂದ. ಬಾಯಿಂದ ಬಂದದ್ದು ಕಬ್ಬಿಣದ ಗೇಟು ತೆರೆದ ಹಾಗಿತ್ತು. ಮೈಕು ಇಲ್ಲದ್ದು ಎಷ್ಟು ಒಳ್ಳೆಯದಾಯಿತು ಎಂದು ಜೀವಮಾನದಲ್ಲಿ ಮೊದಲ ಬಾರಿಗೆ ಅನಿಸಿತು. ಜಲಜಕ್ಕ ಆ ಹೊತ್ತಿನಲ್ಲಿ ಪಂಪನ್ನು ಬಾಯಿಗಿಟ್ಟು ಎಳೆದುಕೊಂಡರು. ಅವರು ಒಂದು ಹೇಳಿದರು, ಇವನು ತಿರುಗಿ ಹೇಳಿದ. ಇವನು ಹೇಳುವಷ್ಟು ಹೊತ್ತು ಅವರಿಗೆ ಉಸಿರು. ಅದು ತಿಳಿದ ಮೇಲೆ ಅವನು ತನ್ನ ಸಾಲನ್ನು ಆದಷ್ಟು ಉದ್ದ ಎಳೆದ. ಅವರ ಎದೆಯ ಸಿಳ್ಳು ತಗ್ಗುವವರೆಗೆ ಎಳೆದ.

ಎದುರಿಗೆ ದೀಪ, ದೀಪದ ಹಿಂದೆ ಕೃಷ್ಣ. ಎಷ್ಟೋ ವರ್ಷ ಅವನು ಬೆನ್ನು ಹಾಕಿಕೊಂಡೇ ಕೂತಿದ್ದ ಕೃಷ್ಣ. ಕೊರಳ ತುಳಸಿಹಾರ ಒಂದು ಬದಿಗೆ ಜಾರಿತ್ತು. ಬೇರೆಲ್ಲ ಕಡೆ ಅವನು ಕೇಳುತ್ತಿದ್ದದ್ದು ಒಂದೇ, ಇದನ್ನು ನಿಲ್ಲಿಸು. ಈಗ ಕೇಳಲು ಬಾಯಿ ಖಾಲಿ ಇರಲಿಲ್ಲ. ನಾಮ ಹೇಳಬೇಕು, ತಾಳ ಹಾಕಬೇಕು, ಮುದುಕಿಯ ಉಸಿರು ನೋಡಬೇಕು. ಕಿವಿ ಕೂಗುತ್ತಲೇ ಇತ್ತು. ತಾಳದ ನಾದ ತೆಳ್ಳಗಾಗುತ್ತಾ, ಇನ್ನೂ ತೆಳ್ಳಗಾಗುತ್ತಾ ಹೋಗಿ ಎಲ್ಲಿ ಮುಗಿಯಿತು, ತನ್ನೊಳಗಿನ ಸದ್ದು ಎಲ್ಲಿ ಸುರುವಾಯಿತು ಎಂಬುದು ಒಂದು ಹಂತದಲ್ಲಿ ಅವನಿಗೆ ತಿಳಿಯದಾಯಿತು. ಅದು ನಿಲ್ಲಲಿಲ್ಲ. ಆದರೆ ಅದರೊಳಗೆ ತಾನೊಬ್ಬನೇ ಇಲ್ಲ ಅನಿಸಿತು. ಇಷ್ಟು ದಿನ ಬಾಗಿಲು ಹಾಕಿಕೊಂಡು ಅದರೊಟ್ಟಿಗೆ ಒಬ್ಬನೇ ಸಿಕ್ಕಿಬಿದ್ದಿದ್ದ ಕೋಣೆಯಲ್ಲಿ ಇನ್ನೊಬ್ಬ ಯಾರೋ ಸುಮ್ಮನೆ ಬಂದು ಪಕ್ಕದಲ್ಲಿ ಕೂತ ಹಾಗೆ. ಆ ಯಾರೋ ಸದ್ದಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ವಿಜೇತನ ಕಣ್ಣಿಂದ ನೀರು ಇಳಿಯಿತು. ಇದು ಭಕ್ತಿಯೋ, ಊಟ ತಪ್ಪಿದ್ದಕ್ಕೆ ತಲೆ ತಿರುಗಿದ್ದೋ ಎಂಬ ಸಂಶಯವೂ ಅದೇ ಹೊತ್ತಿನಲ್ಲಿ ಬಂತು. ತಾಳ ಹಿಡಿದ ಕೈಯಿಂದ ಕಣ್ಣು ಒರಸಲಾಗುವುದಿಲ್ಲವಾದ್ದರಿಂದ ಎರಡನ್ನೂ ಹಾಗೆಯೇ ಬಿಟ್ಟ.

ಎಷ್ಟು ಹೊತ್ತಾಯಿತೋ, ಹಿಂದಿನಿಂದ ಇನ್ನೆರಡು ಸ್ವರಗಳು ಅವನ ನಾಮವನ್ನು ಹಿಡಿದುಕೊಂಡವು. ಮಾಷ್ಟ್ರು ಸ್ಕೂಟರಿನಲ್ಲಿ ಮೂವರಾಗಿ ಬಂದಿದ್ದರು. ಮಾಷ್ಟ್ರು ಅವನ ಭುಜ ಮುಟ್ಟಿ ಕಿವಿಯ ಹತ್ತಿರ ಬಗ್ಗಿದರು. ಪುಣ್ಯಕ್ಕೆ ಬಲಗಿವಿ. "ಕಡೀಲಿಲ್ಲ ಅಲ್ಲವಾ?"

"ಇಲ್ಲ ಮಾಷ್ಟ್ರೆ."

"ಅದು ಹಾಕಿದೆಯಾ?"

"ಕರೆಂಟೇ ಇಲ್ಲ."

ಮಾಷ್ಟ್ರು ದೀಪದ ಕಡೆಗೊಮ್ಮೆ, ಇವನ ಕೈಯಲ್ಲಿದ್ದ ತಾಳದ ಕಡೆಗೊಮ್ಮೆ ನೋಡಿದರು. ಈ ಬಾರಿ ಉತ್ತರ ಬಂದ ದಾರಿಯೇ ಅವರಿಗೆ ಅರ್ಥವಾದಂತೆ ಕಾಣಲಿಲ್ಲ. ಜಲಜಕ್ಕ ಗೋಡೆಗೆ ಒರಗಿ, ಅವನನ್ನು ಕರೆದು, ಗಂಟಿನಿಂದ ಒಂದು ಕಲ್ಲುಸಕ್ಕರೆ ತೆಗೆದು ಕೊಟ್ಟರು. "ಉದ್ದ ಎಳೆದೆಯಲ್ಲ, ಅದಕ್ಕೆ," ಎಂದರು. ಮತ್ತೆ ಉಸಿರು ಕೂಡಿಸಿಕೊಂಡು, "ಸ್ವರಕ್ಕೆ ಅಲ್ಲ," ಎಂದೂ ಸೇರಿಸಿದರು.

ಸೂರ್ಯ ಮುಳುಗಿ ಮಂಗಳವಾಯಿತು. ಕರೆಂಟು ಅಷ್ಟರಲ್ಲಿ ಬಂದಿತ್ತು. ಜನ ಪ್ರಸಾದ ತೆಗೆದುಕೊಂಡು ಗುಡ್ಡೆ ಇಳಿದರು. ವಿಜೇತ್ ಮಿಕ್ಸರಿನ ಒಂದೊಂದೇ ಗುಂಡಿ ಇಳಿಸಿ, ಕೊನೆಗೆ ಆಂಪ್ಲಿಫೈಯರಿನ ಸ್ವಿಚ್ಚಿನ ಮೇಲೆ ಬೆರಳಿಟ್ಟ. ಇನ್ನೊಂದು ಕೈ ಅಭ್ಯಾಸದಿಂದ ಜೇಬಿಗೆ ಹೋಯಿತು. ಮೊಬೈಲನ್ನು ಮುಟ್ಟಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಖಾಲಿಯಾಗಿ ಹೊರಗೆ ಬಂತು.

ಸ್ವಿಚ್ಚು ಆಫ್ ಮಾಡಿದ. ಬಾಕ್ಸು "ಥಪ್" ಎಂದು ಸತ್ತಿತು. ಕೂಗು ಬಂತು, ಯಾವತ್ತಿನಷ್ಟೇ ಜೋರಾಗಿ. ಎದೆ ಹಾರಿತು, ಯಾವತ್ತಿನ ಹಾಗೆಯೇ. ಅವನು ಎದ್ದು ಓಡಲಿಲ್ಲ. ಈ ಸಲ ಮಿಕ್ಸರಿಗೆ ಬೆನ್ನು ಹಾಕಿ, ದೀಪದ ಕಡೆ ತಿರುಗಿ ಕೂತ.

ಸಾಮಾನು ಒಯ್ಯಲು ಪಿಕಪ್ಪಿನಲ್ಲಿ ಬಂದ ಮಮ್ಮಾಲಿಚ್ಚ ಬಾಗಿಲಲ್ಲಿ ಅವನನ್ನು ಹಾಗೆ ಕಂಡು ಹೊರಗೇ ನಿಂತರು. ಅವನು ಹೊರಗೆ ಬಂದು, ಬೇರೆ ಪೀಠಿಕೆಯಿಲ್ಲದೆ ಹೇಳಿದ. "ಮಮ್ಮಾಲಿಚ್ಚ, ನನ್ನ ಎಡಗಿವಿ ಹೋಗಿದೆ. ಒಳಗೆ ಇಡೀ ದಿನ ಕೂಗ್ತದೆ. ಮುಂಚೆ ಹೇಳಬೇಕಿತ್ತು."

ಮಮ್ಮಾಲಿಚ್ಚ ಟೊಪ್ಪಿಯನ್ನು ಸರಿಮಾಡಿಕೊಂಡರು. "ಎಡದ್ದಾ?"

"ಹೌದು."

"ನನ್ನದು ಬಲದ್ದು. ನೀನು ಹುಟ್ಟುವ ಮುಂಚೆ ಹೋದದ್ದು, ಒಂದು ನಾಟಕದ ಸ್ಟೇಜಿನಲ್ಲಿ. ಬೀವಿಗೆ ಮಾತ್ರ ಗೊತ್ತು. ಅವಳು ಬೈಯುದಾದರೆ ಎಡಕ್ಕೆ ಬಂದೇ ಬೈಯುದು."

ವಿಜೇತ್ ಅವರ ಬಲಗಿವಿಯನ್ನೇ ನೋಡಿದ. "ಮತ್ತೆ ನೀವು… ಹೇಗೆ?"

"ನಮಾಜಿನಲ್ಲಿ ಸುಜೂದಿಗೆ ಹಣೆ ನೆಲಕ್ಕೆ ಇಟ್ಟಾಗ ಜೋರು ಕೇಳ್ತದೆ ಮೋನೆ. ಮೊದಲು ನನಗೆ ದೇವರ ಮೇಲೆ ಸಿಟ್ಟು ಬರ್ತಿತ್ತು, ನಿನ್ನ ಹತ್ತಿರ ಬಂದರೂ ಇದಾ ಅಂತ. ಈಗ ನಾನು ಹೇಳುದು, ಪಡಚ್ಚೋನೆ, ನನಗೆ ಕೇಳಿ ಸಾಕಾಯ್ತು, ಸ್ವಲ್ಪ ನೀನೂ ಕೇಳು ಅಂತ. ಅಷ್ಟೇ. ಕೆಲವು ದಿನ ಅದೂ ಆಗುದಿಲ್ಲ." ಅವರು ಪಡುವಣದ ಕೆಂಪನ್ನು ನೋಡಿದರು. "ನಾಳೆಯಿಂದ ಕಿವಿಗೆ ಹತ್ತಿ ಇಟ್ಟು ಬಾ. ಹಾರ್ನಿನ ಹತ್ತಿರ ಹೋಗಬೇಡ, ಅದನ್ನು ನಾನು ನೋಡ್ತೇನೆ. ಈಗ ನನಗೆ ಮಗ್ರಿಬ್ ನಮಾಜಿಗೆ ಹೊತ್ತಾಯಿತು. ನೀನು ಕೇಬಲು ಸುತ್ತು. ಮತ್ತೆ, ಜನರೇಟರು ಎಲ್ಲಿ?"

"ಅಂಗಡಿಯಲ್ಲೇ ಉಂಟು."

"ಗೊತ್ತುಂಟು. ನಿನ್ನ ಬಾಯಿಂದ ಕೇಳಬೇಕಿತ್ತು."

ಅವರು ಪಿಕಪ್ಪಿನ ಆಚೆ ಬದಿಯಲ್ಲಿ ಚಾಪೆ ಹಾಸಿದರು. ವಿಜೇತ್ ಸದ್ದು ಮಾಡದೆ ಕೇಬಲು ಸುತ್ತಿದ.

ಅಲ್ಲಿಂದ ಎಲ್ಲವೂ ಸರಿಯಾಯಿತೆಂದು ಹೇಳಲು ಬರುವುದಿಲ್ಲ. ಮಳೆಗಾಲದಲ್ಲಿ ಒಂದು ಕೆಟ್ಟ ವಾರ ಬಂತು. ಒಂದು ಸಂಜೆ ಅವನ ಕಾಲು ಮತ್ತೆ ರೈಲುಹಳಿಯ ಕಡೆ ಇಳಿಯಿತು. ಗೇರುಮರದ ಹತ್ತಿರ ನಿಂತ. ಗಾಡಿ ಬರುವುದು ದೂರದಲ್ಲಿ ಕೇಳಿಸಿತು. ಅವನು ಮರದ ಬುಡದಲ್ಲೇ ಕೂತು, ಯಾರಿಗೂ ಕೇಳದಷ್ಟು ಮೆಲ್ಲಗೆ, ಮುದುಕಿಗೆ ಉಸಿರು ಬೇಕು ಎಂಬಷ್ಟು ಉದ್ದಕ್ಕೆ ನಾಮ ಎಳೆದ. ಗಾಡಿ ಬಂತು, ಹೋಯಿತು. ಕಿವಿಯ ಕೂಗು ಉಳಿಯಿತು. ಅವನೂ ಉಳಿದ. ಆ ದಿನ ಶನಿವಾರ. ಎದ್ದು, ಹಿಂದಿನ ಮಣ್ಣು ಕೊಡವಿಕೊಂಡು ಮಂದಿರದ ಗುಡ್ಡೆ ಹತ್ತಿದ. ಜಲಜಕ್ಕ ದೀಪದ ಎದುರು ಜಾಗ ಹಿಡಿದಿಟ್ಟಿದ್ದರು.

"ತಡ ಎಂತ?" ಎಂದರು.

"ಸ್ವಲ್ಪ ದೂರ ಹೋಗಿದ್ದೆ ಜಲಜಕ್ಕ."

ಅವರು ಅವನ ಮುಖ ನೋಡಿದರು. ತಾಳವನ್ನು ಅವನ ಕೈಗಿತ್ತು, ಸ್ವಲ್ಪ ಸರಿದು, ತನ್ನ ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿದರು. ಅಲ್ಲಿ ಕೂತರೆ ಅವರು ಅವನ ಎಡಗಿವಿಯ ಬದಿಗೆ.